ಗ್ರಾಫ್ಟನ್ ಬೀದಿಯಲ್ಲಿ ಹಾಡು ಮುಗಿಯೋ ತನಕ

ಡಬ್ಲಿನ್‌ಗೆ ಬಂದವರೆಲ್ಲ ಮೊದಲು ಗಿನ್ನೆಸ್ ಬಿಯರ್ ಕಾರ್ಖಾನೆ ನೋಡ್ತಾರೆ, ಆಮೇಲೆ ಟ್ರಿನಿಟಿ ಕಾಲೇಜಿನ ಹಳೇ ಲೈಬ್ರರಿ. ಟ್ರಿನಿಟಿಯಿಂದ ಹೊರಬಂದು ನಾಲ್ಕು ಹೆಜ್ಜೆ ಹಾಕಿದರೆ ಗ್ರಾಫ್ಟನ್ ಸ್ಟ್ರೀಟ್. ಅಲ್ಲಿಂದ ಸೇಂಟ್ ಸ್ಟೀಫನ್ಸ್ ಗ್ರೀನ್ ಪಾರ್ಕ್‌ವರೆಗೆ ಅರ್ಧ ಕಿಲೋಮೀಟರ್ ಇರಬಹುದು ಅಷ್ಟೇ. ವಾಹನಗಳಿಲ್ಲದ ಈ ಬೀದಿಯ ಎರಡೂ ಕಡೆ ದುಬಾರಿ ಅಂಗಡಿಗಳು. ನಡುವೆ ಗಿಟಾರ್ ಹಿಡಿದು, ಕಾಲ ಬಳಿ ಪೆಟ್ಟಿಗೆ ತೆರೆದಿಟ್ಟು ಹಾಡುವವರು. ಇವರಿಗೆ ಇಲ್ಲಿ ‘ಬಸ್ಕರ್’ ಅಂತಾರೆ.

ಇದನ್ನ ಭಿಕ್ಷೆ ಅಂದ್ಕೋಬೇಡಿ. ಬೀದಿಯಲ್ಲಿ ಹಾಡೋಕೆ ನಗರಸಭೆಯಿಂದ ಪರ್ಮಿಟ್ ತಗೋಬೇಕು. ಒಂದೇ ಜಾಗದಲ್ಲಿ ದಿನವಿಡೀ ನಿಲ್ಲೋ ಹಾಗಿಲ್ಲ. ಮೆಕ್ಸಿಕೋದಿಂದ ಬಂದ ರೋಡ್ರಿಗೋ ಮತ್ತು ಗೇಬ್ರಿಯೆಲಾ ಅನ್ನೋ ಜೋಡಿ ಇಲ್ಲೇ ಎರಡು ಗಿಟಾರ್ ನುಡಿಸ್ತಾ ಹೆಸರು ಮಾಡಿ, 2020ರಲ್ಲಿ ಗ್ರ್ಯಾಮಿ ಗೆದ್ದಿತು. ಪಕ್ಕದ ಹ್ಯಾರಿ ಸ್ಟ್ರೀಟ್‌ನಲ್ಲಿ ರಾಕ್ ಗಾಯಕ ಫಿಲ್ ಲೈನಟ್‌ನ ಕಂಚಿನ ಪ್ರತಿಮೆ ಇದೆ. ಹಾಡುವವನಿಗೂ ಪ್ರತಿಮೆ ನಿಲ್ಲಿಸೋ ಊರು ಇದು.

ಈ ಬೀದಿಯನ್ನ ಜಗತ್ತಿಗೆ ತೋರಿಸಿದ್ದು ‘ಒನ್ಸ್’ ಅನ್ನೋ ಸಣ್ಣ ಸಿನಿಮಾ. ನಾಯಕನಾಗಿ ನಟಿಸಿದ ಗ್ಲೆನ್ ಹ್ಯಾನ್ಸರ್ಡ್ 13ನೇ ವಯಸ್ಸಿಗೆ ಶಾಲೆ ಬಿಟ್ಟು ಬೀದಿಯಲ್ಲಿ ಹಾಡೋಕೆ ನಿಂತವನು. 1990ರಲ್ಲಿ ‘ದಿ ಫ್ರೇಮ್ಸ್’ ಬ್ಯಾಂಡ್ ಕಟ್ಟಿದ. ಅದೇ ಬ್ಯಾಂಡಿನಲ್ಲಿ ಮೊದಲು ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಕಾರ್ನಿ ನಿರ್ದೇಶಕ. ಬಜೆಟ್ ಸುಮಾರು ಒಂದೂವರೆ ಲಕ್ಷ ಡಾಲರ್, ಶೂಟಿಂಗ್ 17 ದಿನ. ಕ್ಯಾಮೆರಾ ದೂರದಲ್ಲಿಟ್ಟು ಬೀದಿ ದೃಶ್ಯಗಳನ್ನ ತೆಗೆದಿದ್ದರಿಂದ, ಪಕ್ಕದಲ್ಲಿ ನಡೆದುಹೋಗುವ ಜನಕ್ಕೆ ಸಿನಿಮಾ ನಡೀತಿದೆ ಅಂತಾನೇ ಗೊತ್ತಿರಲಿಲ್ಲ!

ಕಥೆ ಸರಳ. ಅಪ್ಪನ ಅಂಗಡಿಯಲ್ಲಿ ವ್ಯಾಕ್ಯೂಮ್ ಕ್ಲೀನರ್ ರಿಪೇರಿ ಮಾಡುವ ಹುಡುಗ ಬೀದಿಯಲ್ಲಿ ಹಾಡ್ತಾನೆ. ಹಗಲು ಜನರಿಗೆ ಗೊತ್ತಿರೋ ಹಾಡು, ಯಾಕಂದ್ರೆ ಚಿಲ್ಲರೆ ಬೀಳೋದು ಅದಕ್ಕೇ. ತಾನೇ ಬರೆದ ಹಾಡು ರಾತ್ರಿಗೆ. ಒಂದು ರಾತ್ರಿ ಅದನ್ನ ನಿಂತು ಕೇಳಿದವಳು ಚೆಕ್ ದೇಶದಿಂದ ವಲಸೆ ಬಂದ ಹುಡುಗಿ. ಬೀದಿಯಲ್ಲಿ ಹೂ ಮಾರ್ತಾಳೆ, ಮನೆಗಳನ್ನ ಗುಡಿಸಿ ಒರೆಸ್ತಾಳೆ. ಅವಳೂ ಪಿಯಾನೋ ನುಡಿಸ್ತಾಳೆ, ಆದರೆ ಸ್ವಂತ ಪಿಯಾನೋ ಇಲ್ಲ. ಸಂಗೀತ ವಾದ್ಯಗಳ ಅಂಗಡಿಯಲ್ಲಿ, ಮಧ್ಯಾಹ್ನದ ಊಟದ ಹೊತ್ತಿಗೆ, ಮಾಲೀಕನ ಅನುಮತಿಯಿಂದ ನುಡಿಸ್ತಾಳೆ. ಇಬ್ಬರಿಗೂ ಸಿನಿಮಾದಲ್ಲಿ ಹೆಸರೇ ಇಲ್ಲ. ಹುಡುಗ, ಹುಡುಗಿ ಅಷ್ಟೇ. ಇಬ್ಬರೂ ಸೇರಿ ಅವನ ಹಾಡುಗಳನ್ನ ರೆಕಾರ್ಡ್ ಮಾಡ್ತಾರೆ.

ನಾವು ಈ ಸಿನಿಮಾ ನೋಡಿದ್ದು ಡಬ್ಲಿನ್‌ಗೆ ಬಂದು ಆರು ತಿಂಗಳಾದ ಮೇಲೆ. ಕಾಲೇಜಿನಲ್ಲಿ ನಾನು ಸಾಲು ಬರೀತಿದ್ದೆ, ಕ್ಲಾಸ್‌ಮೇಟ್ ಒಬ್ಬಳು ಅದಕ್ಕೆ ರಾಗ ಹಾಕ್ತಿದ್ದಳು. ಈಗ ಅವಳು ನನ್ನ ಹೆಂಡತಿ. ಇಲ್ಲಿಗೆ ಬರೋ ಮುಂಚೆ ಮೈಸೂರಿನಲ್ಲಿ ಮಕ್ಕಳಿಗೆ ವೀಣೆ ಪಾಠ ಹೇಳ್ತಿದ್ದಳು. ವಿಮಾನದಲ್ಲಿ ವೀಣೆ ತರೋದು ಹೇಗೆ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಅತ್ತೆ ಮನೆಯ ಮೂಲೆಯಲ್ಲಿ ಬಟ್ಟೆ ಹೊದಿಸಿ ಇಟ್ಟು ಬಂದ್ವಿ. ನನ್ನ ಪ್ರಾಜೆಕ್ಟ್ ಇನ್ನೆರಡು ವರ್ಷ ಮುಂದುವರಿಯುತ್ತೆ ಅಂತ ಆಫೀಸಿನಲ್ಲಿ ಹೇಳಿದ್ದೂ ಅದೇ ವಾರ.

ಸಿನಿಮಾ ಮುಗಿದ ಮೇಲೆ ಅವಳು ಅಂದಳು: “ಎಲ್ಲರೂ ಇದನ್ನ ಗಿಟಾರ್ ಹುಡುಗನ ಕಥೆ ಅಂತಾರೆ. ನಂಗೆ ಪಿಯಾನೋ ಇಲ್ಲದವಳ ಕಥೆ ಅನ್ನಿಸ್ತು ಕಣೋ.”

“ಎರಡು ವರ್ಷ ಅಂದ್ರೆ ನಿಂಗೆ ಕಷ್ಟ ಆಗುತ್ತಾ?” ಅಂತ ಕೇಳಿದೆ.

“ನಂಗಲ್ಲ, ವೀಣೆಗೆ. ಅಲ್ಲಿವರೆಗೂ ಅದು ಮೂಲೆಯಲ್ಲೇ ಇರಬೇಕಾ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಭಾನುವಾರ ಇಬ್ಬರೂ ಆ ಸಿನಿಮಾದ ಜಾಗಗಳನ್ನ ಹುಡುಕಿಕೊಂಡು ಹೊರಟ್ವಿ. ಹುಡುಗಿ ಪಿಯಾನೋ ನುಡಿಸಿದ ವಾಲ್ಟನ್ಸ್ ಅಂಗಡಿ ಇದ್ದದ್ದು ಸೌತ್ ಗ್ರೇಟ್ ಜಾರ್ಜಸ್ ಸ್ಟ್ರೀಟ್‌ನಲ್ಲಿ. ಈಗ ಅಲ್ಲಿ ಆ ಅಂಗಡಿ ಇಲ್ಲ. ಅವಳು ಗಾಜಿನೊಳಗೆ ಇಣುಕಿ ನೋಡಿ ಸುಮ್ಮನೆ ಮುಂದೆ ನಡೆದಳು.

ಅಲ್ಲಿಂದ ಡಾರ್ಟ್ ರೈಲು ಹತ್ತಿ ಕಿಲೈನಿಗೆ ಹೋದ್ವಿ. ಹಳಿ ಸಮುದ್ರದ ಪಕ್ಕದಲ್ಲೇ ಸಾಗುತ್ತೆ, ಕಿಟಕಿ ಸೀಟು ಹಿಡೀರಿ. ಕಿಲೈನಿ ಗುಡ್ಡ ನಮ್ಮ ಚಾಮುಂಡಿ ಬೆಟ್ಟದಷ್ಟು ಎತ್ತರ ಇಲ್ಲ, ಆರಾಮಾಗಿ ಹತ್ತಬಹುದು. ಮೇಲೆ 1742ರ ಕಲ್ಲಿನ ಸ್ತಂಭ ಇದೆ. ಬರಗಾಲದಲ್ಲಿ ಬಡವರಿಗೆ ಕೆಲಸ ಕೊಡೋಕೆ ಕಟ್ಟಿಸಿದ್ದಂತೆ. ಕೆಳಗೆ ಬಾಗಿದ ಕಡಲತೀರ, ಆಚೆ ವಿಕ್ಲೋ ಬೆಟ್ಟಗಳು, ಮತ್ತೆ ಕಿವಿ ಹಾರಿಸಿಕೊಂಡು ಹೋಗುವಂಥ ಗಾಳಿ.

ಸಿನಿಮಾದಲ್ಲಿ ಅವರಿಬ್ಬರೂ ಬೈಕಿನಲ್ಲಿ ಇಲ್ಲಿಗೆ ಬರ್ತಾರೆ. ಹುಡುಗಿಗೆ ಊರಲ್ಲಿ ಗಂಡ ಇದ್ದಾನೆ. ಅವನನ್ನ ಪ್ರೀತಿಸ್ತೀಯಾ ಅಂತ ಹುಡುಗ ಕೇಳ್ತಾನೆ. ಅವಳು ಚೆಕ್ ಭಾಷೆಯಲ್ಲಿ ಉತ್ತರ ಕೊಡ್ತಾಳೆ. ಸಬ್‌ಟೈಟಲ್ ಇಲ್ಲ. ಹುಡುಗನಿಗೂ ಅರ್ಥ ಆಗಲ್ಲ, ನಮಗೂ ಆಗಲ್ಲ. ನಮ್ಮ ಆಫೀಸಿನ ಚೆಕ್ ಸಹೋದ್ಯೋಗಿ ಊಟದ ಹೊತ್ತಲ್ಲಿ ಅರ್ಥ ಹೇಳಿದ: ‘ನಾನು ಪ್ರೀತಿಸೋದು ನಿನ್ನನ್ನ.’ ಇದನ್ನ ನನ್ನವಳಿಗೆ ಗುಡ್ಡದ ಮೇಲೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸಮುದ್ರ ನೋಡಿದಳು. ಆಮೇಲೆ ಕಾಲೇಜಿನಲ್ಲಿ ನಾನು ಬರೆದು, ಅವಳು ರಾಗ ಹಾಕಿದ್ದ ಒಂದು ಹಾಡನ್ನ ಮೆಲ್ಲಗೆ ಹಾಡಿದಳು. ಸುತ್ತ ಇದ್ದ ಯಾರಿಗೂ ಒಂದಕ್ಷರ ಅರ್ಥ ಆಗಿರಲ್ಲ. ಆದರೂ ನಾಯಿ ಹಿಡಿದು ಬಂದಿದ್ದ ಅಜ್ಜಿಯೊಬ್ಬರು ಹಾಡು ಮುಗಿಯೋ ತನಕ ನಿಂತಿದ್ದರು.

ಸಿನಿಮಾದಲ್ಲಿ ಅವರಿಬ್ಬರೂ ಒಂದಾಗೋದಿಲ್ಲ. ಹುಡುಗ ಲಂಡನ್‌ಗೆ ಹೋಗ್ತಾನೆ. ಹೋಗೋ ಮುಂಚೆ ಅವಳಿಗೆ ಒಂದು ಪಿಯಾನೋ ಕೊಡಿಸ್ತಾನೆ. ತೆರೆಯ ಹೊರಗೆ ಹ್ಯಾನ್ಸರ್ಡ್ ಮತ್ತು ನಾಯಕಿ ಮಾರ್ಕೆಟಾ ಇರ್ಗ್ಲೋವಾ ನಿಜಕ್ಕೂ ಪ್ರೀತಿಯಲ್ಲಿ ಬಿದ್ದರು. ಇಬ್ಬರೂ ಸೇರಿ ಬರೆದ ಹಾಡಿಗೆ 2008ರ ಫೆಬ್ರವರಿಯಲ್ಲಿ ಆಸ್ಕರ್ ಬಂತು. ಆಗ ಅವಳಿಗೆ 19 ವರ್ಷ. ಅವಳು ಮಾತು ಶುರು ಮಾಡೋ ಹೊತ್ತಿಗೆ ವಾದ್ಯ ಮೊಳಗಿಸಿಬಿಟ್ಟರು. ಬ್ರೇಕ್ ಆದ ಮೇಲೆ ನಿರೂಪಕ ಜಾನ್ ಸ್ಟೀವರ್ಟ್ ಅವಳನ್ನ ಮತ್ತೆ ವೇದಿಕೆಗೆ ಕರೆದು ಮಾತಾಡಿಸಿದ. ಮುಂದೆ ಇಬ್ಬರೂ ಬೇರೆಯಾದರು, ಬೇರೆ ಬೇರೆ ಮದುವೆಯೂ ಆಯ್ತು. ಆದರೂ 2025ರಲ್ಲಿ ಜೊತೆಯಾಗಿ ಹೊಸ ಆಲ್ಬಂ ತಂದಿದ್ದಾರೆ. ಪ್ರೀತಿ ರೂಪ ಬದಲಾಯಿಸಿತು, ಹಾಡು ನಿಲ್ಲಲಿಲ್ಲ.

ನನಗೆ ಇದರಲ್ಲಿ ಕಂಡದ್ದು ಇಷ್ಟು. ಕನಸಿಗೆ ಸಾವಿರ ಜನರ ಚಪ್ಪಾಳೆ ಆಮೇಲೆ ಬೇಕಾಗುತ್ತೆ. ಮೊದಲು ಬೇಕಾಗೋದು ರಾತ್ರಿ ಹಾಡನ್ನ ನಿಂತು ಕೇಳೋ ಒಬ್ಬರು. ಹಾಗೆ ನಿಂತವರ ಮನೆಯಲ್ಲೂ ಬಟ್ಟೆ ಹೊದ್ದ ಒಂದು ವಾದ್ಯ ಇರಬಹುದು. ಅವರನ್ನೂ ಯಾರಾದರೂ ‘ನಿನ್ನದೆಲ್ಲಿ?’ ಅಂತ ಕೇಳಬೇಕಲ್ವಾ?

ನಮ್ಮ ಮನೆಯಲ್ಲಿ ಈಗ ಲೆಕ್ಕಾಚಾರ ನಡೀತಿದೆ. ಎರಡು ವರ್ಷ ಇರೋದಾದರೆ ವೀಣೆಯೂ ಇಲ್ಲೇ ಇರಬೇಕು ಅನ್ನೋದು ಅವಳ ಕರಾರು, ನಾನು ಒಪ್ಪಿದ್ದೇನೆ. ಬರೋ ಬೇಸಿಗೆಯಲ್ಲಿ ಊರಿಗೆ ಹೋದಾಗ ಗಟ್ಟಿ ಪೆಟ್ಟಿಗೆ ಮಾಡಿಸಬೇಕು. ವಿಮಾನದವರು ಏನಂತಾರೋ ನೋಡೋಣ. ಅಲ್ಲಿವರೆಗೆ ಮೈಸೂರಿನ ಮೂವರು ಮಕ್ಕಳಿಗೆ ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಪಾಠ ಶುರುವಾಗಿದೆ. ಅವಳು ಬಾಯಲ್ಲಿ ಸ್ವರ ಹೇಳ್ತಾಳೆ, ಮಕ್ಕಳು ಅಲ್ಲಿ ತಂತಿ ಮೀಟ್ತಾರೆ.

ನೀವು ಡಬ್ಲಿನ್‌ಗೆ ಬಂದರೆ ಗ್ರಾಫ್ಟನ್ ಸ್ಟ್ರೀಟ್‌ಗೆ ಸಂಜೆ ಮೇಲೆ ಹೋಗಿ. ಎಲ್ಲ ಕಡೆ ಕಾರ್ಡ್ ನಡೆಯುತ್ತೆ ಅಂತ ಜೇಬು ಖಾಲಿ ಇಟ್ಕೋಬೇಡಿ, ಒಂದೆರಡು ಯೂರೋ ನಾಣ್ಯ ಇರಲಿ. ಗೊತ್ತಿರೋ ಹಾಡಿಗೆ ಎಲ್ಲರೂ ಕಾಸು ಹಾಕ್ತಾರೆ. ನೀವು ಗೊತ್ತಿಲ್ಲದ ಹಾಡಿಗೆ ಹಾಕಿ. ಫೋನ್ ಜೇಬಲ್ಲಿಟ್ಟು, ಹಾಡು ಮುಗಿಯೋ ತನಕ ನಿಲ್ಲಿ.