ನಮ್ಮ ಕೆಮಿಸ್ಟ್ರಿ ಮೇಷ್ಟ್ರು

ಯುಗಾದಿಗೆ ಇನ್ನೊಂದು ವಾರ ಇದೆ ಎನ್ನುವಾಗ ನಮ್ಮ ಕೆಮಿಸ್ಟ್ರಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಹಬ್ಬ ಮುಗಿಸಿಕೊಂಡು ಮೈಸೂರಿಗೆ ಬರುತ್ತೇನೆ ಸಾರ್ ಎಂದು ಫೋನಿನಲ್ಲಿ ಹೇಳಿದ್ದೆ. "ಬಾರಯ್ಯ, ತೀರಾ ತಡ ಮಾಡಬೇಡ" ಎಂದಿದ್ದರು. ತೊಂಬತ್ತು ದಾಟಿದವರು ಹಾಗೆ ಹೇಳಿದರೆ ಅದರ ಅರ್ಥ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ನಾನು ಪಿಯುಸಿಗೆ ಸೇರಿದ್ದು 1974ರಲ್ಲಿ. ಹಳ್ಳಿಯಿಂದ ಕನ್ನಡದಲ್ಲಿ ಓದಿ ಬಂದಿದ್ದ ನಮಗೆ ಆ ದಪ್ಪ ಇಂಗ್ಲಿಷ್ ಪುಸ್ತಕ ಕಂಡರೆ ಜ್ವರ ಬರುತ್ತಿತ್ತು. ಮೊದಲ ದಿನ ಮೇಷ್ಟ್ರು ಒಂದು ಹಿತ್ತಾಳೆ ತಟ್ಟೆ ಹಿಡಿದುಕೊಂಡು ಕ್ಲಾಸಿಗೆ ಬಂದರು. ನೀರಿಗೆ ಅರಿಸಿನ ಹಾಕಿದರು. ಎಲೆಯಡಿಕೆಯ ಸುಣ್ಣ ಚೂರು ಕದಡಿದರು. ನೀರು ಕೆಂಪಗಾಯಿತು.

"ಏನ್ರಯ್ಯಾ ಇದು?"

"ಆರತಿ ನೀರು ಸಾರ್!"

"ನಿಮ್ಮಜ್ಜಿ ಯಾವ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿದರು?"

ಕ್ಲಾಸೆಲ್ಲ ನಕ್ಕಿತು. ಆಮೇಲೆ ನಿಂಬೆಹಣ್ಣು ಹಿಂಡಿದರು, ನೀರು ಮತ್ತೆ ಹಳದಿಯಾಯಿತು. ಸುಣ್ಣ ಪ್ರತ್ಯಾಮ್ಲ, ನಿಂಬೆರಸ ಆಮ್ಲ, ಎರಡನ್ನೂ ಗುರುತಿಸಿ ಹೇಳುವುದು ಅರಿಸಿನ. ಕುಂಕುಮವನ್ನೂ ಹಿಂದಿನಿಂದ ಅರಿಸಿನಕ್ಕೆ ಸುಣ್ಣ ಬೆರೆಸಿಯೇ ಮಾಡುತ್ತಿದ್ದದ್ದು. ಅರ್ಧ ಗಂಟೆಯಲ್ಲಿ ನಮ್ಮ ಜ್ವರ ಇಳಿಯಿತು.

ಅವರು ತಮ್ಮ ಬಗ್ಗೆ ಮಾತಾಡುತ್ತಿದ್ದುದು ಕಡಿಮೆ. ಬಂಗಾಳದ ಪ್ರಫುಲ್ಲಚಂದ್ರ ರಾಯರ ಹೆಸರು ಬಂದರೆ ಮಾತ್ರ ಗಂಟೆ ಹೊಡೆದದ್ದೂ ಕೇಳಿಸುತ್ತಿರಲಿಲ್ಲ. ಮೇಘನಾದ ಸಹಾ, ಸತ್ಯೇಂದ್ರನಾಥ ಬೋಸ್ ಅಂಥವರಿಗೆ ಪಾಠ ಹೇಳಿದ ಆಚಾರ್ಯ ರಾಯರು 1921ರಲ್ಲಿ ಅರವತ್ತು ತುಂಬಿದ ಮೇಲೆ ತಮ್ಮ ಸಂಬಳವನ್ನು ಕಲಕತ್ತಾ ವಿಶ್ವವಿದ್ಯಾನಿಲಯದ ರಸಾಯನ ವಿಭಾಗಕ್ಕೇ ಬಿಟ್ಟುಕೊಟ್ಟರಂತೆ. ವಿಜ್ಞಾನ ಕಾಲೇಜಿನ ಒಂದು ಕೋಣೆಯಲ್ಲೇ ಬಾಳಿ, 1944ರಲ್ಲಿ ಅಲ್ಲೇ ಕಣ್ಣುಮುಚ್ಚಿದರು. ಇದನ್ನು ಹೇಳುವಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ನಾನು ಅವರಿಗೆ ಹತ್ತಿರವಾದದ್ದು ಮಾತ್ರ ಒಂದು ಕಳ್ಳತನದಿಂದ.

ಪರ್ಮ್ಯಾಂಗನೇಟ್ ಪ್ರಯೋಗ. ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ಬ್ಯುರೆಟ್‌ನಿಂದ ನೇರಳೆ ದ್ರಾವಣವನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಬಿದ್ದ ಬಣ್ಣ ಮಾಯವಾಗುತ್ತಾ ಹೋಗಿ, ಕೊನೆಗೊಂದು ತೊಟ್ಟಿಗೆ ತೆಳು ಗುಲಾಬಿ ಉಳಿದುಬಿಡುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನನ್ನದು ಪ್ರತಿಸಲವೂ ಮುಂದಕ್ಕೆ ಹೋಗಿ ಕಡು ಗುಲಾಬಿಯಾಗುತ್ತಿತ್ತು. ಬೇಸತ್ತು ಪಕ್ಕದವನ ಪುಸ್ತಕ ನೋಡಿ 18.4 ಎಂದು ಮೂರು ಸಲ ಬರೆದೆ. ಒಬ್ಬೊಬ್ಬರಿಗೆ ಒಂದೊಂದು ಸಾಮರ್ಥ್ಯದ ದ್ರಾವಣ ಕೊಟ್ಟಿದ್ದಾರೆಂದು ನನಗೇನು ಗೊತ್ತು!

ಪುಸ್ತಕ ನೋಡಿದ ಮೇಷ್ಟ್ರು ಬೈಯಲಿಲ್ಲ. "ಸಂಜೆ ಇರು" ಎಂದರು. ಎಲ್ಲರೂ ಹೋದ ಮೇಲೆ ಕೋಟು ಕಳಚಿಟ್ಟು, ಶಂಕುವಿನಾಕಾರದ ಪಾತ್ರೆಯ ಕೆಳಗೆ ಬಿಳಿ ಟೈಲ್ಸ್ ಹಿಡಿದು ಕೂತರು. ನಾನು ತೊಟ್ಟು ಬಿಡುತ್ತಾ ಹೋದೆ. ಐದನೆಯ ಸಲಕ್ಕೆ ಕೈ ಹದಕ್ಕೆ ಬಂತು: 22.1. ಹೊರಗೆ ಕತ್ತಲಾಗಿತ್ತು. "ಕೆಟ್ಟಿದ್ದ ನಾಲ್ಕನ್ನೂ ಬರಿ. ಅವೂ ನಿನ್ನವೇ" ಎಂದರು. ಹಾಸ್ಟೆಲಿನಲ್ಲಿ ಊಟದ ಹೊತ್ತು ಮೀರಿತ್ತೆಂದು ಅವರ ಮನೆಯಲ್ಲೇ ಅನ್ನ, ಹುರುಳಿ ಸಾರು. ಅಮ್ಮನವರು ಏನೂ ಕೇಳದೆ ಬಡಿಸಿದರು. ಆ ನಾಚಿಕೆ ಊಟದ ಜೊತೆ ಇಳಿಯಲಿಲ್ಲ ಅನ್ನಿ.

ಮುಂದೆ ನಾನೂ ಹೈಸ್ಕೂಲ್ ಮೇಷ್ಟ್ರಾದೆ. ಸಂದೇಹ ಬಂದಾಗಲೆಲ್ಲ ಕಾರ್ಡು ಬರೆಯುತ್ತಿದ್ದೆ, ಉತ್ತರ ತಪ್ಪದೆ ಬರುತ್ತಿತ್ತು.

ಹೋದ ವಾರ ಮೊಮ್ಮಗಳಿಗೆ ಶಾಲೆಯಲ್ಲಿ ಇದೇ ಆರತಿ ನೀರಿನ ಪ್ರಯೋಗ ಕೊಟ್ಟಿದ್ದರು. ಮನೆಯಲ್ಲಿ ಯಾವ ಕಾಲದ್ದೋ ಒಣಗಿದ ಸುಣ್ಣ ಇತ್ತು. ಎಷ್ಟು ಕದಡಿದರೂ ನೀರು ಹಳದಿಯಾಗೇ ಉಳಿಯಿತು. "ತಾತ, ಪುಸ್ತಕದಲ್ಲಿ ಕೆಂಪಾಗುತ್ತೆ ಅಂತಿದೆ. ಕೆಂಪಾಯಿತು ಅಂತ ಬರೆದುಬಿಡಲಾ?" ಎಂದಳು. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

"ಕೆಂಪಾಗಲಿಲ್ಲ ಅಂತಲೇ ಬರಿ ಪುಟ್ಟಿ. ಯಾಕಾಗಲಿಲ್ಲ ಅಂತ ಹುಡುಕೋಣ" ಎಂದೆ. ಗಾಳಿಯಲ್ಲಿ ಹೆಚ್ಚು ದಿನ ಬಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೀಮೆಸುಣ್ಣದ ಜಾತಿಗೆ ಸೇರಿಬಿಡುತ್ತದೆ, ಅದರ ಖಾರ ಹೋಗಿರುತ್ತದೆ. ಅದನ್ನೂ ಬರೆದುಕೊಂಡಳು.

ಆಮೇಲೆ ಇಬ್ಬರೂ ಚಪ್ಪಲಿ ಮೆಟ್ಟಿಕೊಂಡು ಮೂಲೆಯ ಬೀಡಾ ಅಂಗಡಿಗೆ ಹೊಸ ಸುಣ್ಣ ತರಲು ಹೋದೆವು.