ಗ್ರೋಸಿನ ಲೆಕ್ಕ ಗೊತ್ತಿಲ್ಲದ ಅಂಗಡಿ

ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ನಮ್ಮದು ಟೈಲರಿಂಗ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ಗುಂಡಿ, ಜಿಪ್ಪು, ದಾರ, ಎಲಾಸ್ಟಿಕ್, ಕ್ಯಾನ್ವಾಸು, ಹುಕ್ಕು, ಲೇಸು. ಬಿಡಿ ವ್ಯಾಪಾರವಿಲ್ಲ. ತುಮಕೂರು, ಶಿರಾ, ಚಿತ್ರದುರ್ಗ, ದಾವಣಗೆರೆಯ ಅಂಗಡಿಯವರು, ಪೀಣ್ಯ, ಬೊಮ್ಮನಹಳ್ಳಿ ಕಡೆಯ ಸಣ್ಣ ಗಾರ್ಮೆಂಟ್ಸ್‌ನವರು, ಗಡಿಯಾಚೆಯ ಹೊಸೂರು, ಹಿಂದೂಪುರದ ಕೆಲವರು ನಮ್ಮ ಪಾರ್ಟಿಗಳು. ಅಂಗಡಿ ಮಾವನವರು ಕಟ್ಟಿದ್ದು. ಮದುವೆಯಾಗಿ ಬಂದ ಮೇಲೆ ಬಿಲ್ಲಿಂಗು, ಟ್ಯಾಲಿ, ಜಿಎಸ್‌ಟಿ ರಿಟರ್ನು ಒಂದೊಂದಾಗಿ ನನ್ನ ಪಾಲಿಗೆ ಬಂದವು. ಆನ್‌ಲೈನ್ ಅಂಗಡಿ ತೆರೆಯುವ ಕೆಲಸವೂ ಹಾಗೆಯೇ ನನ್ನ ತಲೆಗೆ ಬಂತು.

ಅದರ ಮಾತು ಶುರುವಾದದ್ದು 2020ರ ಲಾಕ್‌ಡೌನ್‌ನಲ್ಲಿ. ಪೇಟೆಯ ಗಲ್ಲಿಗಳಿಗೆಲ್ಲ ಬ್ಯಾರಿಕೇಡ್ ಹಾಕಿದ್ದರು. ಊರೂರಲ್ಲಿ ಮಾಸ್ಕ್ ಹೊಲಿಯುತ್ತಿದ್ದರು, ಎಲ್ಲರಿಗೂ ಎಲಾಸ್ಟಿಕ್ ಬೇಕು. ನಮ್ಮ ಎಲಾಸ್ಟಿಕ್ ಶಟರಿನೊಳಗೆ ಬಿದ್ದಿತ್ತು. ಅಂಗಡಿ ತೆರೆಯಲು ಬಿಟ್ಟ ಮೇಲೂ ಹೊರಊರಿನವರು ಬರಲು ಹೆದರಿದರು. ಆರ್ಡರುಗಳೆಲ್ಲ ವಾಟ್ಸಾಪ್‌ನಲ್ಲಿ. ಒಬ್ಬರು ಚೀಟಿಯ ಫೋಟೋ ಕಳಿಸುತ್ತಾರೆ, ಒಬ್ಬರು ಬೈಕಿನ ಮೇಲೆ ಹೋಗುತ್ತಲೇ ವಾಯ್ಸ್ ಮೆಸೇಜ್ ಬಿಡುತ್ತಾರೆ, ಇನ್ನೊಬ್ಬರದು 'ಹೋದ ಸಲದ್ದೇ ಕಳಿಸಿ' ಎಂಬ ಒಂದೇ ಸಾಲು. ಹೋದ ಸಲ ಏನು ಕಳಿಸಿದ್ದೆವು ಎಂದು ಹುಡುಕುವುದರಲ್ಲೇ ರಾತ್ರಿ ಹನ್ನೊಂದಾಗುತ್ತಿತ್ತು. ನಮ್ಮ ಮನೆಯವರು, 'ನಾವೂ ಒಂದು ಸೈಟ್ ಮಾಡಿಸೋಣ, ಅವರೇ ಒತ್ತಿ ಆರ್ಡರ್ ಹಾಕಲಿ' ಎಂದರು. ಮಾವನವರು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ವೆಬ್‌ಸೈಟ್ ಮಾಡುವ ಒಂದು ಕಂಪನಿಯವರು ಬಂದರು. ಚೆನ್ನಾಗಿ ಮಾತಾಡಿದರು. ಅರ್ಧ ಹಣ ಮೊದಲೇ ಪಡೆದು, ಬಟ್ಟೆ ಅಂಗಡಿಗೋ ಕೇಕ್ ಅಂಗಡಿಗೋ ಮಾಡಿದ್ದ ರೆಡಿಮೇಡ್ ಸೈಟಿಗೆ ನಮ್ಮ ಬೋರ್ಡು ಹಾಕಿ ಕೊಟ್ಟರು. ಹೋಲ್‌ಸೇಲ್ ಅಂದರೆ ಅವರ ಪಾಲಿಗೆ ದೊಡ್ಡ ಡಿಸ್ಕೌಂಟು, ಅಷ್ಟೆ.

ಮೊದಲ ಪೆಟ್ಟು ಅಳತೆಯಲ್ಲಿ ಬಿತ್ತು. ಗುಂಡಿಯ ಸೈಜನ್ನು ನಾವು ಲೈನ್‌ನಲ್ಲಿ ಹೇಳುತ್ತೇವೆ, ನಲವತ್ತು ಲೈನ್‌ಗೆ ಒಂದು ಇಂಚು. ಅಂಗಿಯ ಎದೆಪಟ್ಟಿಗೆ 18 ಲೈನ್, ಕೋಟಿನ ಮುಂಭಾಗಕ್ಕೆ 32. ಮಾರುವುದು ಗ್ರೋಸ್ ಲೆಕ್ಕ, ಅಂದರೆ ಹನ್ನೆರಡು ಡಜನ್, 144 ಗುಂಡಿ. ಪ್ಯಾಂಟಿನ ಜಿಪ್ಪು ಡಜನ್ನಿನಲ್ಲಿ ಹೋಗುತ್ತದೆ. ಉದ್ದ ಜಿಪ್ಪಿನ ರೋಲು ಮೀಟರಿನಲ್ಲಿ, ಅದರ ರನ್ನರು ಬೇರೆ, ಅದು ಮತ್ತೆ ಗ್ರೋಸಿನಲ್ಲಿ. ಸೈಟಿಗೆ ಗೊತ್ತಿದ್ದದ್ದು 'ಕ್ವಾಂಟಿಟಿ' ಒಂದೇ. ಶಿರಾದ ಪಾರ್ಟಿ 18 ಲೈನ್ ಬಿಳಿ ಗುಂಡಿ ಹತ್ತು ಎಂದು ಹಾಕಿದರು, ಹತ್ತು ಗ್ರೋಸ್ ಎಂದುಕೊಂಡು. ಸೈಟು ಹತ್ತೇ ಹತ್ತು ಗುಂಡಿಗೆ ಬಿಲ್ ಮಾಡಿ, ಗುಂಡಿಗಿಂತ ಹೆಚ್ಚಿನ ಕೊರಿಯರ್ ಚಾರ್ಜ್ ಸೇರಿಸಿತು. ನಮ್ಮ ಮಾಲು ಹೋಗುವುದು ಲಾರಿ ಪಾರ್ಸಲ್‌ನಲ್ಲಿ, ಎಲ್‌ಆರ್ ಅಂದರೆ ಲಾರಿ ರಸೀದಿಯ ಮೇಲೆ, ಬಾಡಿಗೆ ಆ ಕಡೆಯವರದು. ಅದನ್ನು ಸೈಟಿಗೆ ಹೇಳಿಕೊಡಲು ಬೇರೆ ಹಣ ಕೇಳಿದರು.

ತೆರಿಗೆಯದು ಇನ್ನೊಂದು. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ್ದು. ನಮ್ಮದು 29, ತಮಿಳುನಾಡಿನದು 33, ಆಂಧ್ರದ್ದು 37. ರಾಜ್ಯದೊಳಗೆ ಮಾರಿದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲು, ಗಡಿ ದಾಟಿದರೆ ಐಜಿಎಸ್‌ಟಿ. ಎಲೆಕ್ಟ್ರಾನಿಕ್ ಸಿಟಿ ದಾಟಿದರೆ ಹೊಸೂರು ಬಂದೇಬಿಡುತ್ತದೆ, ಆದರೂ ಅದು 33. ಸೈಟು ಎಲ್ಲರಿಗೂ ಎರಡು ಪಾಲಿನ ಬಿಲ್ಲನ್ನೇ ಕೊಟ್ಟಿತು. ಹೊಸೂರಿನವರು ಫೋನ್ ಮಾಡಿ, 'ಈ ಬಿಲ್ಲಿಟ್ಟುಕೊಂಡು ನನಗೆ ಕ್ರೆಡಿಟ್ ಸಿಗಲ್ಲ ಮೇಡಂ' ಎಂದರು. ತಿಂಗಳ 11ನೇ ತಾರೀಖಿನೊಳಗೆ ರಿಟರ್ನ್ ಹಾಕಬೇಕು. ಗಡಿಯಾಚೆಯ ಬಿಲ್ಲುಗಳನ್ನೆಲ್ಲ ಹುಡುಕಿ ತೆಗೆದು, ಕೈಯಿಂದ ಕ್ರೆಡಿಟ್ ನೋಟು ಮಾಡಿ, ಹೊಸ ಬಿಲ್ಲು ಕಳಿಸಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳಿದೆ.

ಇದೆಲ್ಲ ಬರೀ ಕೆಲಸ, ಮೈಮುರಿದು ಮಾಡಿದರೆ ಮುಗಿಯುತ್ತದೆ. ನಿದ್ದೆ ಕೆಡಿಸಿದ್ದು ರೇಟು.

ಹೋಲ್‌ಸೇಲ್‌ನಲ್ಲಿ ಒಂದು ಮಾಲಿಗೆ ಒಂದು ರೇಟು ಅನ್ನುವುದೇ ಇಲ್ಲ. ನಗದು ಎಣಿಸಿ ಟೆಂಪೋ ತುಂಬಿಸಿಕೊಂಡು ಹೋಗುವ ಗಾರ್ಮೆಂಟ್ಸ್‌ನವರಿಗೆ ಒಂದು. ಎರಡು ತಿಂಗಳ ಉದ್ರಿಯಲ್ಲಿ ಒಯ್ದು, ಖರ್ಚಾಗದ ಡಬ್ಬ ವಾಪಸ್ ಕಳಿಸುವ ಊರಿನ ಅಂಗಡಿಗೆ ಇನ್ನೊಂದು. ಇದರಲ್ಲಿ ಮೋಸವೇನಿಲ್ಲ. ಉದ್ರಿಯ ಬಡ್ಡಿ, ವಾಪಸಿನ ನಷ್ಟ ಎಲ್ಲ ಆ ರೇಟಿನಲ್ಲೇ ಇರುತ್ತವೆ. ಆದರೆ ಯಾರ ರೇಟು ಯಾರಿಗೂ ಕಾಣಬಾರದು. ಇದನ್ನು ಮೊದಲ ದಿನವೇ ಹೇಳಿ, ಕಾಗದದ ಮೇಲೆ ಬರೆದೂ ಕೊಟ್ಟಿದ್ದೆವು. ಪ್ರತಿ ಪಾರ್ಟಿಗೂ ಬೇರೆ ಲಾಗಿನ್, ಬೇರೆ ರೇಟು ಎಂದು ಒಪ್ಪಿಕೊಂಡೇ ಹಣ ಪಡೆದಿದ್ದರು.

ಒಂದು ಸೋಮವಾರ ಬೆಳಿಗ್ಗೆ ಶಟರ್ ಎತ್ತುವ ಮೊದಲೇ ಫೋನ್ ಬಂತು. ಚಿತ್ರದುರ್ಗದವರು, ಮಾವನವರ ಕಾಲದ ಪಾರ್ಟಿ.

'ಏನಮ್ಮಾ, ನಿಮ್ಮ ಮಾವಾರ ಕೈಲಿ ಅಷ್ಟು ವರ್ಷದಿಂದ ಮಾಲು ತಗಂತಿದೀನಿ. ದಾರದ ಕೋನಿಗೆ ನನಗೆ ಹಾಕಿದ್ದೊಂದು ರೇಟು, ಇಲ್ಲಿ ಕಾಣ್ತಿರೋದೊಂದು ರೇಟು. ಇಷ್ಟು ದಿನ ನನಗೆ ಟೋಪಿ ಹಾಕಿದ್ರಾ?'

ಅವರಿಗೆ ಕಂಡದ್ದು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನವರ ರೇಟು. ಮಧ್ಯಾಹ್ನದೊಳಗೆ ದಾವಣಗೆರೆ, ತುಮಕೂರಿನಿಂದಲೂ ಫೋನು ಬಂದವು. ಕಂಪನಿಗೆ ಕೇಳಿದರೆ, 'ಬ್ರೌಸರ್ ಪ್ರಾಬ್ಲಂ ಮೇಡಂ, ಹಿಸ್ಟರಿ ಕ್ಲಿಯರ್ ಮಾಡೋಕೆ ಹೇಳಿ' ಎಂದರು. ಐವತ್ತು ದಾಟಿದ ವ್ಯಾಪಾರಿಗೆ, ಅದೂ ಸಿಟ್ಟಿನಲ್ಲಿರುವವರಿಗೆ, ಹಿಸ್ಟರಿ ಕ್ಲಿಯರ್ ಮಾಡಿ ಎಂದು ಹೇಳುವುದು ಹೇಗೆ? ಕಾರಣ ಆಮೇಲೆ ತಿಳಿಯಿತು. ಸೈಟು ಬೇಗ ತೆರೆಯಲಿ ಎಂದು ಒಬ್ಬರಿಗೆ ತೋರಿಸಿದ ಪುಟದ ನಕಲನ್ನು ಸರ್ವರಿನಲ್ಲಿ ಉಳಿಸಿಕೊಂಡು ಮುಂದಿನವರಿಗೂ ಅದನ್ನೇ ಕೊಡುವ ಏರ್ಪಾಡು ಇರುತ್ತದೆ. ಎಲ್ಲರಿಗೂ ಒಂದೇ ಬೆಲೆ ಇರುವ ಅಂಗಡಿಗೆ ಅದರಿಂದ ತೊಂದರೆಯಿಲ್ಲ. ಲಾಗಿನ್ ಆದವರ ಪುಟಗಳಿಗೆ ಅದನ್ನು ನಿಲ್ಲಿಸಿರಬೇಕು. ಅವರು ನಿಲ್ಲಿಸಿರಲಿಲ್ಲ.

ಮಾವನವರು ಯಾರನ್ನೂ ಬೈಯಲಿಲ್ಲ. ಮಾರನೇ ದಿನ ಬೆಳಗಿನ ಬಸ್ಸು ಹಿಡಿದು ಒಬ್ಬರೇ ಚಿತ್ರದುರ್ಗಕ್ಕೆ ಹೋದರು. ಹಳೇ ಲೆಡ್ಜರನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡಿದ್ದರು. ಅಲ್ಲಿ ಕೂತು ಉದ್ರಿಯ ತಾರೀಖು, ವಾಪಸ್ ಬಂದ ಡಬ್ಬಗಳ ಲೆಕ್ಕ ತೋರಿಸಿದರಂತೆ. ಆ ಪಾರ್ಟಿ ಉಳಿಯಿತು. ಆದರೆ ದಾರಕ್ಕೆ ಮಾತ್ರ ಗಾರ್ಮೆಂಟ್ಸ್ ರೇಟನ್ನೇ ಹಟ ಹಿಡಿದು ಪಡೆದರು, ಇವತ್ತಿಗೂ ಅದೇ ರೇಟು ನಡೆಯುತ್ತಿದೆ. ದಾವಣಗೆರೆಯವರು ಏನೂ ಹೇಳಲಿಲ್ಲ, ಬಾಕಿ ಚುಕ್ತಾ ಮಾಡಿದರು, ಮತ್ತೆ ಆರ್ಡರ್ ಕೊಡಲಿಲ್ಲ. ಈಗ ಅವರು ನಮ್ಮ ಎದುರಿನ ಅಂಗಡಿಗೆ ಬರುತ್ತಾರೆ. ಕಣ್ಣಿಗೆ ಬಿದ್ದಾಗ ನಮಸ್ಕಾರ ಮಾಡುತ್ತಾರೆ.

ಸೈಟ್ ನಿಲ್ಲಿಸಿ ಎಂದೆವು. ಬೇರೆಯವರಿಂದ ಸರಿಮಾಡಿಸುತ್ತೇವೆ, ಎಲ್ಲ ನಮ್ಮ ಕೈಗೆ ಕೊಡಿ ಎಂದೆವು. ನಮ್ಮ ಅಂಗಡಿಯ ಹೆಸರಿನ ಡೊಮೇನ್ ಅವರ ಹೆಸರಿನಲ್ಲಿ ರಿಜಿಸ್ಟರ್ ಆಗಿತ್ತೆಂದು ಆಗ ಗೊತ್ತಾಯಿತು. ಉಳಿದರ್ಧ ಹಣ ಕೊಡುವವರೆಗೆ ಬಿಡಲ್ಲ ಎಂದು ಕೂತರು. ಮಾವನವರೇ ಕಟ್ಟಿದ ಅಂಗಡಿಯ ಹೆಸರು, ಅದಕ್ಕೆ ದುಡ್ಡು ಕೊಟ್ಟು ಬಿಡಿಸಿಕೊಂಡೆವು. ವಕೀಲರು ಕೇಸ್ ಹಾಕಬಹುದು ಎಂದರು. ರಿಟರ್ನ್ ಹಾಕಲೇ ಪುರುಸೊತ್ತಿಲ್ಲದವರು ಕೋರ್ಟಿಗೆ ಎಲ್ಲಿ ಅಲೆಯುವುದು?

ಆಮೇಲೆ ತುಮಕೂರಿನ ಒಬ್ಬ ಹುಡುಗಿ ಸಿಕ್ಕಳು, ಮನೆಯಿಂದಲೇ ಇಂಥ ಕೆಲಸ ಮಾಡುವವಳು. ಬಂದವಳು ಗಲ್ಲಾಪೆಟ್ಟಿಗೆ ಪಕ್ಕದ ಜಿಪ್ಪಿನ ಮೂಟೆಯ ಮೇಲೆ ಕೂತು ದಿನವಿಡೀ ವ್ಯಾಪಾರ ನೋಡಿದಳು. ನಾನು ಹೇಳದಿದ್ದ ಒಂದು ವಿಷಯ ಅವಳೇ ಹಿಡಿದಳು, ಶೇಡ್ ಕಾರ್ಡ್. ದಪ್ಪ ಕಾರ್ಡಿನ ಮೇಲೆ ದಾರದ ಸಣ್ಣ ಕುಚ್ಚುಗಳನ್ನು ಸಾಲಾಗಿ ಅಂಟಿಸಿರುತ್ತಾರೆ, ಪ್ರತಿಯೊಂದರ ಕೆಳಗೂ ನಂಬರು. ಮರೂನ್ ಅಂದರೆ ಒಂದಲ್ಲ, ಅದರಲ್ಲೇ ಎಷ್ಟೋ. ಗಿರಾಕಿ ಬ್ಲೌಸ್ ಪೀಸನ್ನು ಕುಚ್ಚಿನ ಮೇಲಿಟ್ಟು, ಬಾಗಿಲ ಬೆಳಕಿಗೆ ಬಂದು, ಕಣ್ಣು ಕಿರಿದು ಮಾಡಿ ನೋಡಿಯೇ ನಂಬರು ಹೇಳುವುದು. ಹಳೇ ಸೈಟಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ತೆಗೆದ ಫೋಟೋಗಳಿದ್ದವು. ಮರೂನು ಇಟ್ಟಿಗೆ ಬಣ್ಣಕ್ಕೆ ತಿರುಗಿ, ಪೆಟ್ಟಿಗೆಗಟ್ಟಲೆ ಕೋನು ವಾಪಸ್ ಬಂದಿದ್ದವು. ಅವಳು ದಾರದ ಫೋಟೋಗಳನ್ನೆಲ್ಲ ಕಿತ್ತುಹಾಕಿ ನಂಬರು ಮಾತ್ರ ಉಳಿಸಿದಳು. ಪ್ರತಿ ಪಾರ್ಟಿಗೂ ಒಂದೊಂದು ಶೇಡ್ ಕಾರ್ಡ್ ಅಂಚೆಯಲ್ಲಿ ಕಳಿಸಿದೆವು. ದಾರದ ವಾಪಸಾತಿ ಹೆಚ್ಚುಕಡಿಮೆ ನಿಂತೇಹೋಯಿತು.

ಈಗಿನ ಸೈಟು ನೋಡಲು ಏನೂ ಚೆಂದವಿಲ್ಲ. ಹೊರಗಿನವರಿಗೆ ರೇಟೇ ಕಾಣುವುದಿಲ್ಲ. ಹೊಸಬರು ಜಿಎಸ್‌ಟಿ ನಂಬರ್ ಕೊಡಬೇಕು, ಅದನ್ನು ಪೋರ್ಟಲ್‌ನಲ್ಲಿ ನೋಡಿ ನಾನು ಒಪ್ಪಿದ ಮೇಲೆಯೇ ಲಾಗಿನ್. ಗುಂಡಿಯ ಮುಂದೆ ಗ್ರೋಸ್, ಜಿಪ್ಪಿನ ಮುಂದೆ ಡಜನ್ ಎಂದು ಕನ್ನಡದಲ್ಲೇ ಇದೆ. ಒಬ್ಬೊಬ್ಬರ ಉದ್ರಿಗೂ ಒಂದು ಮಿತಿಯಿದೆ, ಮೀರಿದರೆ ಆರ್ಡರ್ ನನ್ನ ಮುಂದೆ ಬಂದು ನಿಲ್ಲುತ್ತದೆ. ಬಿಲ್ಲು ಐವತ್ತು ಸಾವಿರ ದಾಟಿದರೆ ಇ-ವೇ ಬಿಲ್ ಮಾಡಲು ನೆನಪಿಸುತ್ತದೆ. ಆನ್‌ಲೈನ್ ಪೇಮೆಂಟ್ ಇಟ್ಟಿಲ್ಲ. ಕಾರ್ಡಿನಲ್ಲಿ ಕಟ್ಟಿದರೆ ಗೇಟ್‌ವೇಯವರು ಹಿಡಿಯುವ ಕಮಿಷನ್ನು ನಮ್ಮ ಲಾಭದಲ್ಲಿ ದೊಡ್ಡ ಪಾಲನ್ನೇ ತಿನ್ನುತ್ತದೆ. ಚೆಕ್ಕು, ನೆಫ್ಟ್ ಮೊದಲಿನಂತೆಯೇ ನಡೆದಿವೆ. ಚಿತ್ರದುರ್ಗದವರು ಈಗಲೂ ಚೀಟಿಯ ಫೋಟೋ ಕಳಿಸುತ್ತಾರೆ, ಅವರ ಹೆಸರಿನಲ್ಲಿ ನಾನೇ ಆರ್ಡರ್ ಹಾಕುತ್ತೇನೆ.

ಪೇಟೆಯ ಬೇರೆ ಅಂಗಡಿಯವರು ಬಂದು, ನಾವೂ ಮಾಡಿಸೋಣವಾ ಎಂದು ಕೇಳುತ್ತಾರೆ. ಮಾಡಿಸಿ. ಆದರೆ ಡೊಮೇನನ್ನು ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್ ಕೊಟ್ಟು, ನಿಮ್ಮ ಕೈಯಿಂದಲೇ ಹಣ ಕಟ್ಟಿ ತೆಗೆದುಕೊಳ್ಳಿ. ಎರಡು ಪಾರ್ಟಿಯ ಹೆಸರಿನಲ್ಲಿ ಎರಡು ಮೊಬೈಲಿನಿಂದ ಒಟ್ಟಿಗೇ ಲಾಗಿನ್ ಆಗಿ, ಒಂದೇ ಮಾಲಿನ ರೇಟು ತೆರೆದು ನೋಡಿ. ಹೊಸೂರಿಗೊಂದು, ತುಮಕೂರಿಗೊಂದು ಬಿಲ್ ತೆಗೆಸಿ ನಿಮ್ಮ ಆಡಿಟರ್ ಕೈಗೆ ಕೊಡಿ. ಅವರು ಸರಿ ಅಂದ ಮೇಲೆ ಕೊನೆಯ ಕಂತಿನ ಚೆಕ್ ಬರೆಯಿರಿ.