ಲೆಡ್ಜರ್‌ನಲ್ಲಿ ಹೆಸರು ಬದಲಾದಾಗ

1/5
ಫ್ರೆಂಡ್ಸ್, ಇವತ್ತು ಒಂದು ಪ್ರಶ್ನೆ. ಒಂದು ದೇಶ ಸೋತುಹೋಯ್ತು ಅಂತ ಯಾವಾಗ ಹೇಳಬಹುದು? ರಾಜ ಸತ್ತ ದಿನಾನಾ?

ಹಿಸ್ಟರಿ ಗೈಡ್ ಹಾಗೇ ಹೇಳುತ್ತೆ. 1066, ಅಕ್ಟೋಬರ್ 14, ಹೇಸ್ಟಿಂಗ್ಸ್ ಯುದ್ಧ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ರಾಜ ಹೆರಾಲ್ಡ್ ಸತ್ತ. ಸಮುದ್ರದ ಆಚೆ, ಫ್ರಾನ್ಸಿನ ಉತ್ತರ ತೀರದ ನಾರ್ಮಂಡಿಯಿಂದ ಬಂದ ಡ್ಯೂಕ್ ವಿಲಿಯಂ ಗೆದ್ದ. ಅದೇ ವರ್ಷ ಕ್ರಿಸ್‌ಮಸ್ ದಿನ ಅವನಿಗೆ ಪಟ್ಟಾಭಿಷೇಕ. ಎರಡು ಮಾರ್ಕ್ಸ್ ಪ್ರಶ್ನೆಗೆ ಇಷ್ಟು ಸಾಕು.

ಆದ್ರೆ ನಾವು ಬಿಕಾಂನವರು. ಕತ್ತಿಗಿಂತ ಲೆಕ್ಕದ ಪುಸ್ತಕದ ಮೇಲೆ ನಮಗೆ ಕಣ್ಣು ಜಾಸ್ತಿ. ಆ ಸೋಲು ಎಷ್ಟು ದೊಡ್ಡದು ಅಂತ ನನಗೆ ಗೊತ್ತಾಗಿದ್ದು ಯುದ್ಧದ ಕಥೆ ಓದಿ ಅಲ್ಲ. 20 ವರ್ಷ ಆದ್ಮೇಲೆ ಬರೆದ ಒಂದು ಲೆಡ್ಜರ್ ಬಗ್ಗೆ ಓದಿ.

2/5
1085ರ ಕ್ರಿಸ್‌ಮಸ್ ಸಮಯ. ಗ್ಲಾಸ್ಟರ್ ಅನ್ನೋ ಊರಲ್ಲಿ ವಿಲಿಯಂ ಸಭೆ ಸೇರಿಸಿ, ಇಡೀ ರಾಜ್ಯದ ಸರ್ವೆಗೆ ಆರ್ಡರ್ ಮಾಡಿದ. 1086ರಲ್ಲಿ ಅಧಿಕಾರಿಗಳು ಜಿಲ್ಲೆ ಜಿಲ್ಲೆಗೂ ಹೋದ್ರು. ಕೇಳಿದ ಪ್ರಶ್ನೆಗಳು ನೋಡಿ: ಈ ಜಮೀನು ಎಡ್ವರ್ಡ್ ರಾಜನ ಕಾಲದಲ್ಲಿ, ಅಂದ್ರೆ ಯುದ್ಧಕ್ಕೆ ಮೊದಲು, ಯಾರ ಕೈಲಿತ್ತು? ಈಗ ಯಾರ ಕೈಲಿದೆ? ಎಷ್ಟು ನೇಗಿಲು, ಎಷ್ಟು ಗಿರಣಿ, ಎಷ್ಟು ಜನ? ಆಗ ಬೆಲೆ ಎಷ್ಟು, ಈಗ ಎಷ್ಟು?

ನಮ್ಮ ಕಂಪ್ಯಾರಿಟಿವ್ ಬ್ಯಾಲೆನ್ಸ್ ಶೀಟ್ ಥರಾನೇ ಅಲ್ವಾ? ಹಿಂದಿನದು ಒಂದು ಕಾಲಂ, ಈಗಿನದು ಇನ್ನೊಂದು.

13,000ಕ್ಕೂ ಹೆಚ್ಚು ಊರುಗಳ ಲೆಕ್ಕ ಅದರಲ್ಲಿದೆ. ಜನ ಅದಕ್ಕೆ ಡೂಮ್ಸ್‌ಡೇ ಬುಕ್ ಅಂತ ಹೆಸರಿಟ್ರು. ಡೂಮ್ಸ್‌ಡೇ ಅಂದ್ರೆ ದೇವರು ಕೊನೇ ತೀರ್ಪು ಕೊಡೋ ದಿನ. ಆ ತೀರ್ಪಿನ ಮೇಲೆ ಅಪೀಲು ಇಲ್ಲ, ಈ ಪುಸ್ತಕದ ಮೇಲೂ ಇಲ್ಲ ಅಂತ.

ನಮ್ಮೂರಲ್ಲಿ ಜಮೀನಿನ ಜಗಳ ಬಂದ್ರೆ ಅಜ್ಜ ಮೊದಲು ಕೇಳೋದು "ಪಹಣಿಲಿ ಯಾರ ಹೆಸರಿದೆ?" ಅಂತ. ಅದೇ ಪ್ರಶ್ನೆ ಇಲ್ಲೂ ಕೇಳಿ. ಮೊದಲನೇ ಕಾಲಂ ತುಂಬಾ ಇಂಗ್ಲಿಷ್ ಹೆಸರು. ಎರಡನೇ ಕಾಲಂಗೆ ಬಂದ್ರೆ ಸಾಲು ಸಾಲಾಗಿ ನಾರ್ಮನ್ನರು. ರಾಜನಿಂದ ನೇರವಾಗಿ ದೊಡ್ಡ ಜಮೀನು ಪಡೆದ ಇಂಗ್ಲಿಷರು ಉಳಿದಿದ್ದು ಇಬ್ಬರೇ: ಆರ್ಡನ್‌ನ ಥರ್ಕಿಲ್, ಲಿಂಕನ್‌ನ ಕೋಲ್‌ಸ್ವೈನ್. ಬಂದು ನೆಲೆಸಿದ ನಾರ್ಮನ್ನರು ಕೆಲವೇ ಸಾವಿರ. ಮೇಲಿನ ಮ್ಯಾನೇಜ್‌ಮೆಂಟ್ ಪೂರ್ತಿ ಅವರದ್ದು.

3/5
ಆ ಪುಸ್ತಕದಲ್ಲಿ ನನ್ನನ್ನ ಬಿಡದೇ ಕಾಡೋ ಹೆಸರು ಒಂದಿದೆ. ಐಲ್ರಿಕ್. ಬಕಿಂಗ್‌ಹ್ಯಾಮ್‌ಶೈರ್‌ನ ಮಾರ್ಷ್ ಗಿಬ್ಬನ್ ಅನ್ನೋ ಊರಿನವನು. ಎಡ್ವರ್ಡ್ ರಾಜನ ಕಾಲದಲ್ಲಿ ಆ ಜಮೀನು ಅವನದ್ದೇ. 1086ರಲ್ಲೂ ಅಲ್ಲೇ ಇದ್ದಾನೆ, ಅದೇ ಮಣ್ಣು. ಆದ್ರೆ ಈಗ ಮೇಲೊಬ್ಬ ನಾರ್ಮನ್ ಧಣಿ, ಅವನಿಗೆ ಇವನು ಬಾಡಿಗೆ ಕಟ್ಟಬೇಕು. ಸಾವಿರಾರು ಸಾಲು ಬರೀ ಅಂಕಿ ಬರೆದುಕೊಂಡು ಹೋದ ಗುಮಾಸ್ತ, ಇಲ್ಲಿ ಮಾತ್ರ ಇವನು ಭಾರ ಹೊತ್ತು ಸಂಕಟದಲ್ಲಿದ್ದಾನೆ ಅನ್ನೋ ಅರ್ಥದ ಮಾತು ಸೇರಿಸಿದ್ದಾನೆ. ಯಾಕೆ ಸೇರಿಸಿದನೋ! ಐಲ್ರಿಕ್‌ನ ಮುಖ ನೋಡಿ ಸುಮ್ಮನಿರೋಕೆ ಆಗ್ಲಿಲ್ವೇನೋ.

ಉಳಿದ ಕಡೆ ಅಂಕಿಗಳೇ ಮಾತಾಡುತ್ತವೆ. ಲಿಂಕನ್ ಪಟ್ಟಣದಲ್ಲಿ ಕೋಟೆಗೆ ಜಾಗ ಬೇಕು ಅಂತ ಹೋದ ಮನೆಗಳು 166. ಉತ್ತರದಲ್ಲಿ ಜನ ದಂಗೆ ಎದ್ದಾಗ, 1069-70ರ ಚಳಿಗಾಲದಲ್ಲಿ ವಿಲಿಯಂನ ಸೈನ್ಯ ಊರು, ಬೆಳೆ ಎಲ್ಲಾ ಸುಟ್ಟುಹಾಕ್ತು. 16 ವರ್ಷ ಆದ್ಮೇಲೂ ಯಾರ್ಕ್‌ಶೈರ್‌ನ ಎಷ್ಟೋ ಊರುಗಳ ಮುಂದೆ "ಪಾಳು" ಅಂತಲೇ ಬರೆದಿದ್ದಾರೆ.

ಎಲ್ಲಾ ಹಾಳಾಯ್ತು ಅಂತಾನೂ ಹೇಳೋಕಾಗಲ್ಲ. ಶೈರ್ ಅನ್ನೋ ಜಿಲ್ಲೆ, ಶೆರಿಫ್ ಅನ್ನೋ ಅಧಿಕಾರಿ, ಜಮೀನಿನ ತೆರಿಗೆ, ಇವೆಲ್ಲ ಆಂಗ್ಲೋ-ಸ್ಯಾಕ್ಸನ್ನರು ಕಟ್ಟಿದ್ದು. ನಾರ್ಮನ್ನರು ಅದನ್ನೇ ಇಟ್ಕೊಂಡ್ರು. ಆ ಸಿಸ್ಟಮ್ ಮೊದಲೇ ಗಟ್ಟಿ ಇದ್ದಿದ್ದಕ್ಕೇ ಅಷ್ಟು ದೊಡ್ಡ ಸರ್ವೆ ಸಾಧ್ಯ ಆಯ್ತು. ಇನ್ನೊಂದು ವಿಷಯ: ಪುಸ್ತಕದಲ್ಲಿ ಲೆಕ್ಕಕ್ಕೆ ಸಿಕ್ಕ ಜನರಲ್ಲಿ ಸುಮಾರು ಹತ್ತರಲ್ಲೊಬ್ಬ ಗುಲಾಮ. 1102ರಲ್ಲಿ ಚರ್ಚ್ ಸಭೆ ಮನುಷ್ಯರನ್ನ ಮಾರೋದು ಬೇಡ ಅಂತ ಹೇಳ್ತು, ನಿಧಾನಕ್ಕೆ ಗುಲಾಮಗಿರಿ ಮಾಯ ಆಯ್ತು. ಅದೇ ಹೊತ್ತಿಗೆ ಸ್ವತಂತ್ರವಾಗಿದ್ದ ಎಷ್ಟೋ ರೈತರು ಧಣಿಯ ಜಮೀನು ಬಿಟ್ಟು ಹೋಗೋ ಹಕ್ಕಿಲ್ಲದ ಜೀತದಾರರಾದ್ರು. ಕೆಳಗಿದ್ದವರು ಒಂದು ಮೆಟ್ಟಿಲು ಮೇಲೆ, ನಡುವೆ ಇದ್ದವರು ಒಂದು ಮೆಟ್ಟಿಲು ಕೆಳಗೆ.

4/5
ಈಗ ನಮ್ಮ ಕಥೆಗೆ ಬರೋಣ. ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ. ಉತ್ತರ ಗೊತ್ತಿದ್ರೂ ಇಂಗ್ಲಿಷ್‌ನಲ್ಲಿ ಹೇಳಬೇಕಲ್ಲಾ ಅಂತ ಬಾಯಿ ಮುಚ್ಚಿಕೊಂಡು ಕೂತವರು ನಮ್ಮ ಬ್ಯಾಚಲ್ಲಿ ಎಷ್ಟು ಜನ ಇದ್ದೀವಿ? ಕೈ ಎತ್ತಬೇಡಿ, ನನಗೆ ಗೊತ್ತು.

ಬಿಸಿನೆಸ್ ಲಾ ಪುಸ್ತಕ ತೆಗೀರಿ. ರೆಂಟ್, ಟೆನೆಂಟ್, ಲೀಸ್, ಮಾರ್ಟ್‌ಗೇಜ್, ಡೆಟ್, ಪ್ರಾಫಿಟ್, ಪ್ರಾಪರ್ಟಿ, ಕೋರ್ಟ್, ಜಡ್ಜ್. ಇವೆಲ್ಲ ಇಂಗ್ಲಿಷ್‌ಗೆ ಬಂದಿದ್ದು ಆ ಧಣಿಗಳ ಫ್ರೆಂಚ್‌ನಿಂದ. ಹೌಸ್, ಲ್ಯಾಂಡ್, ಬ್ರೆಡ್, ವರ್ಕ್, ಇವು ಹಳೇ ಇಂಗ್ಲಿಷ್‌ನವು. ಎಲ್ಲಾ ಪದಾನೂ ಹೀಗೆ ಎರಡು ಭಾಗ ಆಗಲ್ಲ, ಕಿಂಗ್ ಅನ್ನೋದೂ ಹಳೇ ಇಂಗ್ಲಿಷೇ. ಆದ್ರೂ ನೋಡಿ: ಲ್ಯಾಂಡ್ ಐಲ್ರಿಕ್‌ನ ಭಾಷೆ, ರೆಂಟ್ ಧಣಿ ಭಾಷೆ. ವರ್ಕ್ ಇವನದು, ಪ್ರಾಫಿಟ್ ಅವನದು.

ಇದನ್ನ ಓದಿದ ದಿನ ನನಗೆ ಏನೋ ಒಂಥರಾ ಆಯ್ತು. ಯಾವ ಭಾಷೆ ಮುಂದೆ ನಾವು ಕುಗ್ಗಿ ಕೂರ್ತೀವೋ, ಆ ಭಾಷೇನೂ ತನ್ನದೇ ಊರಿನ ಕೋರ್ಟ್ ಹೊರಗೆ ಕಾಯ್ತಾ ನಿಂತಿತ್ತು ಕಣ್ರೋ. ಒಳಗೆ ಫ್ರೆಂಚ್ ಮತ್ತು ಲ್ಯಾಟಿನ್.

5/5
1362ರಲ್ಲಿ, ಕೋರ್ಟಲ್ಲಿ ಇಂಗ್ಲಿಷ್‌ನಲ್ಲೇ ವಾದ ಮಾಡಬೇಕು ಅಂತ ಕಾನೂನು ಬಂತು. ಕೊಟ್ಟ ಕಾರಣ: ಜನಕ್ಕೆ ಫ್ರೆಂಚ್ ಅರ್ಥ ಆಗಲ್ಲ. ತಮಾಷೆ ಏನಂದ್ರೆ ಆ ಕಾನೂನು ಬರೆದಿದ್ದೂ ಫ್ರೆಂಚ್‌ನಲ್ಲೇ! ಹೇಸ್ಟಿಂಗ್ಸ್‌ನಿಂದ ಅಲ್ಲಿಗೆ 296 ವರ್ಷ.

ಅಷ್ಟು ವರ್ಷ ಇಂಗ್ಲಿಷನ್ನ ಉಳಿಸಿದ್ದು ಯಾವ ರಾಜನೂ ಅಲ್ಲ. ಹೊಲದಲ್ಲಿ ಎತ್ತಿಗೆ ಕೂಗಿದವರು, ಮಕ್ಕಳಿಗೆ ಗದರಿಸಿದ ಅಮ್ಮಂದಿರು, ಸಂತೇಲಿ ಚೌಕಾಶಿ ಮಾಡಿದವರು. ಯಾವ ಲೆಡ್ಜರ್‌ನಲ್ಲೂ ಇವರ ಮಾತಿಗೆ ಕಾಲಂ ಇರಲಿಲ್ಲ. ಹೋದ ಜಮೀನು ಅವರಿಗೆ ವಾಪಸ್ ಬರಲಿಲ್ಲ. ಭಾಷೆ ಬಂತು, ಧಣಿಯ ಪದಗಳನ್ನೂ ಜೇಬಿಗೆ ಹಾಕ್ಕೊಂಡು ಬಂತು.

ಹಾಗಾಗಿ ನಾಳೆ ಕ್ಲಾಸಲ್ಲಿ ಉತ್ತರ ಗೊತ್ತಿದ್ರೆ ಹೇಳಿಬಿಡಿ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಆದ್ರೂ ಪರವಾಗಿಲ್ಲ. ಇಂಗ್ಲಿಷೇ ಅರ್ಧ ಸಾಲದ್ದು, ನಮ್ಮನ್ನ ಯಾರು ಕೇಳ್ತಾರೆ?

ನಿಮ್ಮ ಟೆಕ್ಸ್ಟ್‌ಬುಕ್‌ನಲ್ಲಿ ಇನ್ಯಾವ ಪದ ಧಣಿದು, ಯಾವುದು ಐಲ್ರಿಕ್‌ದು ಅನ್ನಿಸುತ್ತೆ? ಕಾಮೆಂಟಲ್ಲಿ ಹಾಕಿ, ಒಟ್ಟಿಗೆ ಹುಡುಕೋಣ.

#ಬಿಕಾಂಹಿಸ್ಟರಿ #ಕನ್ನಡಮೀಡಿಯಂ #ಡೂಮ್ಸ್‌ಡೇಬುಕ್